ಪದಚರ್ಚೆ: ಫ್ಯೂಯೆಲ್ ಪಂಪ್ ರಿಲೇಗೆ ಏನಂತ ಬರೆಸೋಣ? ಪೇಂಟರ್ ನಾಡಿದ್ದು ಬರುತ್ತಾರೆ

ವರ್ಕ್‌ಶಾಪ್ ಮೇಡಂ, ತುಮಕೂರು

ಎಲ್ಲರಿಗೂ ನಮಸ್ಕಾರ. ಕೆಲವು ಪದ ಬೇಕಿತ್ತು, ಸ್ವಲ್ಪ ಬೇಗ.

ನಮ್ಮ ಮೋಟಾರು ಮೆಕ್ಯಾನಿಕ್ ತರಬೇತಿ ಶೆಡ್ಡಿನ ಗೋಡೆಗೆ ಒಂದು ಬೋರ್ಡು ಬರೆಸುತ್ತಿದ್ದೇವೆ. ಸೆಲ್ಫ್ ಹೊಡೆಯುತ್ತೆ, ಆದರೆ ಗಾಡಿ ಸ್ಟಾರ್ಟ್ ಆಗಲ್ಲ. ಆಗ ಪೆಟ್ರೋಲ್ ಪಂಪಿನ ರಿಲೇ, ಅಂದರೆ ಸಣ್ಣ ಕರೆಂಟಿನಿಂದ ಪಂಪಿನ ದೊಡ್ಡ ಕರೆಂಟನ್ನು ಹಾಕಿ ತೆಗೆಯುವ ಸ್ವಿಚ್ಚಿನ ಡಬ್ಬಿ, ಹೋಗಿದೆಯಾ ಅಂತ ನೋಡುವುದು ಹೇಗೆ? ಇದೇ ವಿಷಯ. ಹುಡುಗರೆಲ್ಲ ಕನ್ನಡ ಮೀಡಿಯಂನವರು. ಮೇಲಿನಿಂದ ಬಂದ ಅನುವಾದದ ಹಾಳೆಯಲ್ಲಿ ಹೀಗಿದೆ: "ಇಂಧನ ರೇಚಕದ ಪುನಃಪ್ರೇಷಕವು ಮಧ್ಯಂತರ ವೈಫಲ್ಯ ತೋರಿದಲ್ಲಿ ದೋಷಯುಕ್ತ ಘಟಕವನ್ನು ಪ್ರತಿಸ್ಥಾಪಿಸತಕ್ಕದ್ದು." ಇದನ್ನು ಓದಿದ ಹುಡುಗನೊಬ್ಬ, "ಮಿಸ್, ರೇಚಕ ಅಂದ್ರೆ ಹೊಟ್ಟೆ ಕಟ್ಟಿದಾಗ ಕೊಡೋದಲ್ವಾ?" ಅಂತ ಕೇಳಿದ. ಅವನು ಕೇಳಿದ್ದರಲ್ಲಿ ತಪ್ಪೇನಿಲ್ಲ.

ನಾನು ಹೇಳಬೇಕಾದ್ದು ಇಷ್ಟು. ಕೀ ಆನ್ ಮಾಡಿದ ಕೂಡಲೇ ಹಿಂದಿನ ಸೀಟಿನ ಕೆಳಗಿನಿಂದ ಎರಡು ಸೆಕೆಂಡು ಗುಂಯ್ ಅನ್ನುವ ಸದ್ದು ಬರಬೇಕು. ಬರಲಿಲ್ಲ ಅಂದರೆ ಮೊದಲು ಫ್ಯೂಸು ನೋಡಬೇಕು. ಅದು ಸರಿ ಇದ್ದರೆ ರಿಲೇ ಮೇಲೆ ಬೆರಳಿಟ್ಟು ಇನ್ನೊಬ್ಬರಿಂದ ಕೀ ಆನ್ ಮಾಡಿಸಬೇಕು. ಟಕ್ ಅಂದರೆ ಕಾಯಿಲ್ ಕೆಲಸ ಮಾಡುತ್ತಿದೆ. ಆದರೂ ಪಂಪು ತಿರುಗದಿದ್ದರೆ ರಿಲೇ ಒಳಗಿನ ಪಾಯಿಂಟು (ಕರೆಂಟು ಕೂಡುವ ಜಾಗ) ಸುಟ್ಟಿರಬಹುದು, ವೈರು ಕಿತ್ತಿರಬಹುದು, ಪಂಪೇ ಹೋಗಿರಬಹುದು. ಅದೇ ನಂಬರಿನ ಹಾರ್ನ್ ರಿಲೇ ಪಕ್ಕದಲ್ಲಿದ್ದರೆ ಎರಡನ್ನೂ ಅದಲುಬದಲು ಮಾಡಿ ನೋಡಬೇಕು. ಕೊನೆಗೆ, ರಿಲೇ ಕಿತ್ತು ಸಾಕೆಟ್ಟಿನ 30 (ಬ್ಯಾಟರಿ ಕಡೆಯ ಪಿನ್ನು) ಮತ್ತು 87ನ್ನು (ಪಂಪಿನ ಕಡೆಯದು) ಫ್ಯೂಸ್ ಇರುವ ವೈರಿನಿಂದ ಸೇರಿಸಬೇಕು.

ಬೇಕಾದ ಪದಗಳು: ರಿಲೇ, 30-87 ಸೇರಿಸುವ ಆ ಕೆಲಸ, ಬಿಸಿಯಾದಾಗ ಮಾತ್ರ ಕೈಕೊಡುವ ತೊಂದರೆ, ಮತ್ತೆ 'ದೋಷಯುಕ್ತ'ದ ಬದಲು ಮನುಷ್ಯರು ಆಡುವ ಒಂದು ಪದ. ಅಕ್ಷರಕ್ಕೆ ಇಷ್ಟು ಅಂತ ದುಡ್ಡು ಕೊಡಬೇಕು, ಹಾಗಾಗಿ ಚಿಕ್ಕದಾದರೆ ಒಳ್ಳೆಯದು.

ಶಬ್ದಶೋಧ, ಮೈಸೂರು

ರಿಲೇ: ಪುನಃಪ್ರೇಷಕ. ಪಂಪು: ರೇಚಕ. ಇದರಲ್ಲಿ ಚರ್ಚೆಗೆ ಏನಿದೆ?

'ರಿಚ್' ಧಾತುವಿಗೆ ಬರಿದು ಮಾಡು ಅಂತ ಅರ್ಥ. ಹೊಟ್ಟೆಯನ್ನು ಬರಿದು ಮಾಡುವುದೂ ರೇಚಕ, ಟ್ಯಾಂಕನ್ನು ಬರಿದು ಮಾಡುವುದೂ ರೇಚಕ. ನೀರು ಸರಬರಾಜಿನವರ ಬೋರ್ಡುಗಳಲ್ಲಿ 'ಜಲರೇಚಕ ಯಂತ್ರಾಗಾರ' ಅಂತ ಎಷ್ಟೋ ಕಾಲದಿಂದ ಇದೆ. ಅದನ್ನು ಓದಿ ಯಾರೂ ನಕ್ಕಿಲ್ಲ. ಹುಡುಗ ನಕ್ಕ ಅಂತ ಪದ ಬದಲಾಯಿಸುವುದಲ್ಲ, ಹುಡುಗನಿಗೆ ಪದ ಕಲಿಸುವುದು.

ಅಚ್ಚಗನ್ನಡ

ಮೇಲಿನವರದು ಹಳೇ ರಾಗ. ಕಲಿಯುವವನ ಬಾಯಲ್ಲಿ ಹೊರಳದ ಪದವನ್ನು ಗೋಡೆಗೆ ಬರೆದರೆ ಅದು ಗೋಡೆಯಲ್ಲೇ ಉಳಿಯುತ್ತದೆ. 'ಇಂಧನ'ದ ಧಕಾರವನ್ನು ನಮ್ಮ ಹುಡುಗರಲ್ಲಿ ಎಷ್ಟು ಮಂದಿ ನುಡಿಯುತ್ತಾರೆ?

ನನ್ನ ಸಲಹೆ ಇದು. ಉರಿಯುವುದು ಉರುವಲು. ಎತ್ತುವುದು ಎತ್ತುಕ. ಎಣಿಸುವುದಕ್ಕೆ ಎಣ್ಣುಕ ಅಂದ ಹಾಗೆಯೇ. ಮಿಂಚಿನಿಂದ ನಡೆಯುವ ಕೊಂಡಿ ಮಿಂಗೊಂಡಿ. ಎಲ್ಲ ಸೇರಿ 'ಉರುವಲೆತ್ತುಕದ ಮಿಂಗೊಂಡಿ'. ಅಚ್ಚ ಕನ್ನಡ. ಮಹಾಪ್ರಾಣವೂ ಇಲ್ಲ, ಸಕ್ಕದವೂ (ಸಂಸ್ಕೃತ) ಇಲ್ಲ.

ವೈರಿಂಗ್ ಕೆಲಸ, ಹುಬ್ಬಳ್ಳಿ

ನಮಸ್ಕಾರ್ರಿ ಮೇಡಂ ಅವರ.

ಮಿಂಗೊಂಡಿ ಅಂದ್ರ ನಮ್ಮ ಹುಡುಗ ಕೈ ಇಡೂದಿಲ್ರಿ. ಕೊಂಡಿ ಅಂದ್ರ ಚೇಳಿಂದು. ಉರುವಲು ಅಂದ್ರ ಒಲಿಗೆ ಹಾಕೂ ಕಟ್ಟಿಗಿ.

ಪದದ ಜಗಳ ನೀವು ಮಾಡ್ಕೊಳ್ರಿ. ನಾನು ಬೋರ್ಡಿನ ಬಗ್ಗೆ ಹೇಳುತ್ತೇನೆ. ಅದಲುಬದಲು ಮಾಡುವ ಸಾಲಿಗೆ ಇನ್ನೊಂದು ಮಾತು ಸೇರಿಸಬೇಕು. ಹಾರ್ನಿನ ರಿಲೇ ಪಂಪಿನ ಜಾಗಕ್ಕೆ ಹೋಯಿತು, ಗಾಡಿ ಸ್ಟಾರ್ಟ್ ಆಯಿತು. ಅಲ್ಲಿಗೇ ಬಿಡಬಾರದು. ಪಂಪಿನ ರಿಲೇ ಈಗ ಹಾರ್ನಿನ ಜಾಗದಲ್ಲಿ ಇದೆಯಲ್ಲ, ಹಾರ್ನ್ ಒತ್ತಿ ನೋಡಬೇಕು. ಹಾರ್ನ್ ಕೂಗಲಿಲ್ಲ ಅಂದರೆ ಆಗ ರಿಲೇದೇ ತಪ್ಪು ಅಂತ ಖಾತ್ರಿ. ಹಾರ್ನ್ ಚೆನ್ನಾಗಿ ಕೂಗಿದರೆ ರಿಲೇ ಸರಿ ಇದೆ, ಸಾಕೆಟ್ಟಿನಲ್ಲಿ ಪಿನ್ನು ಸಡಿಲ ಆಗಿತ್ತು, ಕಿತ್ತು ಹಾಕಿದ್ದಕ್ಕೆ ಕೂತುಕೊಂಡಿತು. ಇದನ್ನು ನೋಡದೆ ಹೊಸ ರಿಲೇ ಮಾರುವವರು ಬಹಳ ಮಂದಿ ಇದ್ದಾರೆ.

ಇನ್ನೊಂದು. ಕಾಯಿಲ್ಲಿನ ಪಿನ್ನುಗಳಾದ 85 ಮತ್ತು 86ಕ್ಕೆ ದೊಡ್ಡ ಬಲ್ಬಿನ ಟೆಸ್ಟ್ ಲ್ಯಾಂಪ್ ಹಚ್ಚಬೇಡಿ ಅಂತ ಹುಡುಗರಿಗೆ ಹೇಳಿ. ಅದು ಇಸಿಯುನಿಂದ, ಅಂದರೆ ಇಂಜಿನ್ ನಡೆಸುವ ಕಂಪ್ಯೂಟರಿನಿಂದ, ಬರುವ ಸಣ್ಣ ಕರೆಂಟು. ಕಾಯಿಲ್ಲಿಗೆ ಬೇಕಾದ್ದು ಒಂದು ಆಂಪಿಯರಿನ ಏಳೆಂಟನೇ ಒಂದು ಪಾಲು ಅಷ್ಟೇ. ಮೀಟರು ಹಿಡಿಯಬೇಕು. ಕೀ ಆನ್ ಮಾಡಿದಾಗ ಎರಡು ಸೆಕೆಂಡು ಹನ್ನೆರಡು ವೋಲ್ಟು ತೋರಿಸಿತಾ, ಹುಕುಂ ಬಂದಿದೆ ಅಂತ ಅರ್ಥ.

ಟಪಾಲುಪೆಟ್ಟಿಗೆ, ಧಾರವಾಡ

ಹುಬ್ಬಳ್ಳಿಯವರು 'ಹುಕುಂ' ಅಂದದ್ದು ಚೆನ್ನಾಗಿದೆ. ಆದರೆ ಯಾರೂ ಮೂಲಕ್ಕೆ ಹೋಗಲಿಲ್ಲ.

ರಿಲೇ ಫ್ರೆಂಚಿನಿಂದ ಬಂದ ಪದ. ಬೇಟೆಗೆ ಹೋಗುವಾಗ ದಾರಿಯಲ್ಲಿ ಅಲ್ಲಲ್ಲಿ ದಣಿಯದ ನಾಯಿಗಳನ್ನು ಬಿಟ್ಟಿರುತ್ತಿದ್ದರು. ಓಡಿ ಓಡಿ ಸುಸ್ತಾದ ನಾಯಿಗಳ ಬದಲು ಇವು ಓಡುತ್ತಿದ್ದವು. ಆಮೇಲೆ ಅದೇ ಮಾತು ಕುದುರೆಗಳಿಗೆ ಬಂತು, ಟಪಾಲಿಗೆ ಬಂತು. ನಮ್ಮಲ್ಲೂ ಹೀಗೇ ಇತ್ತಲ್ಲ. ಚಿಕ್ಕದೇವರಾಜ ಒಡೆಯರು 1672ರಲ್ಲಿ ಅಂಚೆ ಶುರುಮಾಡಿದರು. 1889ರಲ್ಲಿ ಅದು ಬ್ರಿಟಿಷರ ಟಪಾಲಿನಲ್ಲಿ ಸೇರಿಹೋಯಿತು. ಒಬ್ಬ ಓಡಿ ಬಂದು ಚೀಲ ಕೊಡುವುದು, ಇನ್ನೊಬ್ಬ ಅಲ್ಲಿಂದ ಮುಂದೆ ಓಡುವುದು. ನಮ್ಮ ಕಡೆ ಟಪಾಲು ಅನ್ನುತ್ತೇವೆ. ಮರಾಠಿಯಲ್ಲಿ ಟಪ್ಪಾ ಅಂದರೆ ಹಂತ. ಹಂತ ಹಂತವಾಗಿ ಸಾಗುವುದು ಟಪಾಲು. ಹಾಗಾಗಿ ರಿಲೇಗೆ 'ಟಪ್ಪೆ' ಅನ್ನಿ. ಎರಡೇ ಅಕ್ಷರ. ಪೇಂಟರ್ ಖರ್ಚೂ ಕಡಿಮೆ. ಬೇಡವಾದರೆ 'ಅಂಚೆಕ'.

ಶಬ್ದಶೋಧ, ಮೈಸೂರು

ಅಂಚೆಯ ಮೂಲ ಹಂಸ. ತದ್ಭವ. ದಮಯಂತಿಯ ಹತ್ತಿರ ಸುದ್ದಿ ಒಯ್ದದ್ದು ಯಾರು, ನೆನಪಿರಲಿ.

ಕರಡು ತಿದ್ದುವವನು

ಹಂಸ ಹಳಗನ್ನಡದಲ್ಲಿ ಅಂಚೆ ಆಗಿರುವುದು ನಿಜ. ಕಾಗದ ಒಯ್ಯುವ ಅಂಚೆ ಅದೇ ಪದ ಅನ್ನುವುದು ಬೇರೆ ಮಾತು. ರೂಪ ಒಂದೇ ಆದ ಮಾತ್ರಕ್ಕೆ ಮೂಲ ಒಂದೇ ಆಗುವುದಿಲ್ಲ. ಹಾಗೆ ನೋಡಿದರೆ ರಿಲೇಯಲ್ಲಿ ಕುದುರೆ ಇದೆ, ಕುದುರೆ ಇರುವುದು ಲಾಯದಲ್ಲಿ, ಆದ್ದರಿಂದ ರಿಲೇ ಕನ್ನಡದ ಲಾಯದಿಂದ ಬಂತು ಅಂತಲೂ ಸಾಧಿಸಬಹುದು. ದಯವಿಟ್ಟು ಯಾರೂ ಸಾಧಿಸಬೇಡಿ.

ಟಪ್ಪೆ ಬೇಡ. ಕಾರಿನ ಒಳಗೆ ಪೋಸ್ಟಾಫೀಸು ಯಾಕೆ?

ಅಚ್ಚಗನ್ನಡ

ಟಪ್ಪೆ ಅಂದರೆ ಮರಾಠಿ. ಒಂದು ಸಾಲ ತೀರಿಸಲು ಇನ್ನೊಂದು ಸಾಲ. ಮುಂದೆ ಹೋಗೋಣ.

ಕೊಂಡಿ ಅಂದರೆ ಚೇಳಿನದು ಮಾತ್ರವಲ್ಲ. ಸರಪಳಿಯ ಕೊಂಡಿ ಇದೆ, ಬಾಗಿಲಿನ ಕೊಂಡಿ ಇದೆ, ಮಿಂಬಲೆಯಲ್ಲಿ (ಇಂಟರ್ನೆಟ್ಟಿನಲ್ಲಿ) ಒತ್ತುವ ಕೊಂಡಿಯೂ ಇದೆ. ಹುಬ್ಬಳ್ಳಿಯ ಹುಡುಗ ಫೋನಿನಲ್ಲಿ ಕೊಂಡಿ ಒತ್ತುವಾಗ ಹೆದರುವುದಿಲ್ಲ ತಾನೆ? ನಮ್ಮ ಇದೇ ಇಮೇಲ್ ಪಟ್ಟಿಗೆ ಬರುವ ಕಾಗದವನ್ನು 'ಮಿಂಚಂಚೆ' ಅಂತೀರಿ. ಅದು ನಿಮಗೆ ರೂಢಿ ಆಯಿತು. ಮಿಂಗೊಂಡಿ ಯಾಕೆ ಆಗಬಾರದು?

ವೈರಿಂಗ್ ಕೆಲಸ, ಹುಬ್ಬಳ್ಳಿ

ಫೋನಿನಾಗ ಅದಕ್ಕ ಲಿಂಕ್ ಅಂತೀವ್ರಿ.

ಸ್ಟುಟ್‌ಗಾರ್ಟ್ ಕನ್ನಡಿಗ

ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ಮೇಡಂ ಬರೆದ 30, 85, 86, 87 ಜರ್ಮನಿಯ ಡಿಐಎನ್ 72552 ಅನ್ನುವ ಮಾನಕದಿಂದ ಬಂದ ಸಂಖ್ಯೆಗಳು. ಬ್ಯಾಟರಿಯಿಂದ ನೇರವಾಗಿ ಬರುವ ಪ್ಲಸ್ 30. ಕೀ ಆನ್ ಮಾಡಿದಾಗ ಬರುವುದು 15. ನೆಲ, ಅಂದರೆ ನಿಮ್ಮ ಅರ್ತ್, 31. ತುಮಕೂರಿನ ಶೆಡ್ಡಿನಲ್ಲಿರುವ ರಿಲೇ ತಳದಲ್ಲೂ ಇವೇ ಅಂಕಿ ಕೊರೆದಿರುತ್ತವೆ. ಇಲ್ಲಿನ ಮೆಕ್ಯಾನಿಕ್ಕುಗಳು 'ಕ್ಲೆಮ್ಮೆ 30' ಅನ್ನುತ್ತಾರೆ. ಅಂಕಿಗಳನ್ನು ಯಾರೂ ಅನುವಾದ ಮಾಡಬೇಕಾಗಿಲ್ಲ ಅನ್ನುವುದೊಂದು ಸಮಾಧಾನ.

ಪದದ ವಿಷಯಕ್ಕೆ ಬಂದರೆ, ಹೊಸ ಪದ ಕಟ್ಟುವುದರಲ್ಲಿ ಜರ್ಮನ್ನರು ಯಾರಿಗೂ ಕಡಿಮೆ ಇಲ್ಲ. ಇಂಧನಕ್ಕೆ 'ಕ್ರಾಫ್ಟ್‌ಶ್ಟಾಫ್' ಅನ್ನುತ್ತಾರೆ. ಶಕ್ತಿಯ ವಸ್ತು ಅಂತ. ಅದಕ್ಕೆ ಪುಂಪೆ ಸೇರಿಸಿ 'ಕ್ರಾಫ್ಟ್‌ಶ್ಟಾಫ್‌ಪುಂಪೆ'. ಅಂಥವರೂ ರಿಲೇಗೆ ಬಂದಾಗ ಫ್ರೆಂಚಿನ 'ರೆಲೇ'ಯನ್ನು ಹಾಗೇ ಇಟ್ಟುಕೊಂಡರು. ಕಾಗುಣಿತ ಕೂಡ ಮುಟ್ಟಲಿಲ್ಲ.

ಯಾಕೆ ಅಂತ ಯೋಚಿಸಿದ್ದೇನೆ. ಟೆಲಿಗ್ರಾಫಿನ ಕಾಲದಲ್ಲಿ ಆ ಪದಕ್ಕೆ ಅರ್ಥ ಇತ್ತು. ಜೋಸೆಫ್ ಹೆನ್ರಿ 1835ರಲ್ಲಿ ಇದನ್ನು ಮಾಡಿದರು. ಉದ್ದ ತಂತಿಯಲ್ಲಿ ಬರುವ ಸಿಗ್ನಲ್ಲು ದೂರ ಹೋದಂತೆ ಸೊರಗುತ್ತದೆ. ದಾರಿಯಲ್ಲೊಂದು ಕಾಯಿಲ್ಲು ಇಟ್ಟರೆ ಆ ಸೊರಗಿದ ಕರೆಂಟು ಅಲ್ಲಿನ ಪಾಯಿಂಟನ್ನು ಎಳೆಯುತ್ತದೆ. ಅಲ್ಲಿಂದ ಮುಂದಕ್ಕೆ ಹೊಸ ಬ್ಯಾಟರಿಯ ಕರೆಂಟು ಓಡುತ್ತದೆ. ದಣಿದ ಕುದುರೆ ಬಿಟ್ಟು ಹೊಸ ಕುದುರೆ ಹತ್ತಿದ ಹಾಗೆಯೇ. ಕಾರಿನಲ್ಲಿ ಆ ಕಥೆ ಇಲ್ಲ. ಅಲ್ಲಿ ಯಾವ ಸಂದೇಶವೂ ಮುಂದಿನ ಹಂತಕ್ಕೆ ಹೋಗುವುದಿಲ್ಲ. ಸಣ್ಣ ಕರೆಂಟು ದೊಡ್ಡ ಕರೆಂಟಿನ ದಾರಿ ತೆರೆಯುತ್ತದೆ, ಅಷ್ಟೇ. ಹೀಗಿರುವಾಗ ಪುನಃಪ್ರೇಷಕ, ಟಪ್ಪೆ, ಅಂಚೆಕ ಮೂರೂ ಕುದುರೆಯನ್ನು ಅನುವಾದ ಮಾಡುತ್ತವೆ. ಡಬ್ಬಿಯನ್ನಲ್ಲ.

ಅಚ್ಚಗನ್ನಡ

ಮಿಂಗೊಂಡಿ ಕುದುರೆಯನ್ನು ಅನುವಾದ ಮಾಡುವುದಿಲ್ಲ. ಗಮನಿಸಿ.

ಸ್ಟುಟ್‌ಗಾರ್ಟ್ ಕನ್ನಡಿಗ

ಒಪ್ಪಿದೆ. ಅದಕ್ಕೇ ಆ ಪಟ್ಟಿಯಲ್ಲಿ ಅದರ ಹೆಸರು ಹಾಕಲಿಲ್ಲ. ಆದರೆ ಅಂಗಡಿಗೆ ಹೋಗಿ ಮಿಂಗೊಂಡಿ ಕೊಡಿ ಅಂದರೆ ಏನು ಕೊಡುತ್ತಾರೆ?

ಸುದ್ದಿಮನೆ, ಬೆಂಗಳೂರು

ನಮ್ಮ ಪತ್ರಿಕೆ ಭಾಷೆಯಲ್ಲಿ ಈ ಒಂದೇ ಇಂಗ್ಲಿಷ್ ಪದಕ್ಕೆ ಎಷ್ಟು ಕನ್ನಡ ಇದೆ ನೋಡಿ. ಒಬ್ಬರಾದ ಮೇಲೆ ಒಬ್ಬರು ಕೂತರೆ 'ಸರದಿ ಉಪವಾಸ'. ರೇಡಿಯೊದವರಾದರೆ 'ಮರುಪ್ರಸಾರ'. ಮೈದಾನದಲ್ಲಿ ಕೋಲು ಹಿಡಿದು ಓಡಿದರೆ 'ರಿಲೇ'. ಹುಡುಗರು ಸ್ಕೂಲಿನ ಕ್ರೀಡಾಕೂಟದಲ್ಲಿ ಓಡಿ ಬಂದಿರುತ್ತಾರೆ, ಆ ಪದ ಅವರ ಬಾಯಲ್ಲಿ ಆಗಲೇ ಇದೆ. ಹಾಗಾಗಿ ರಿಲೇ ಕನ್ನಡವೇ. ವಿಭಕ್ತಿ ಹತ್ತಿದ ಮೇಲೆ ಪದ ನಮ್ಮದು. ರಿಲೇಯನ್ನು, ರಿಲೇಗೆ, ರಿಲೇಯಿಂದ. ಇನ್ನೇನು ಬೇಕು?

ಶಬ್ದಶೋಧ, ಮೈಸೂರು

ವಿಭಕ್ತಿ ಹತ್ತಿದರೆ ಸಾಕು ಅನ್ನುವುದಾದರೆ ನಿಘಂಟನ್ನೇ ಮುಚ್ಚಿಬಿಡಬಹುದು. 'ಫೇಲ್ಯೂರನ್ನು ಡಯಾಗ್ನೋಸಿಸಿನಿಂದ ಕನ್ಫರ್ಮಿಸಿ' ಅನ್ನಿ. ಎಲ್ಲಕ್ಕೂ ಪ್ರತ್ಯಯ ಹತ್ತಿದೆ. ಕನ್ನಡವಾಯಿತೇ?

ಇನ್ನು 'ಇಂಧನ ಪಂಪು' ಅನ್ನುವವರಿಗೆ ಒಂದು ಮಾತು. ಅದು ಅರಿಸಮಾಸ, ಬೇರೆ ಬೇರೆ ಭಾಷೆಯ ಪದಗಳನ್ನು ಕೂಡಿಸಿದ ಸಮಾಸ. ವ್ಯಾಕರಣಕಾರ ಕೇಶಿರಾಜ 13ನೇ ಶತಮಾನದಲ್ಲೇ ಎಚ್ಚರಿಸಿದ್ದಾನೆ.

ಸುದ್ದಿಮನೆ, ಬೆಂಗಳೂರು

ಕೇಶಿರಾಜ ಸಂಸ್ಕೃತ ಮತ್ತು ಕನ್ನಡ ಕೂಡುವುದರ ಬಗ್ಗೆ ಹೇಳಿದ್ದು. ಇಂಗ್ಲಿಷಿನ ಪಂಪು ಅವನ ಕಾಲಕ್ಕೆ ಬಂದಿರಲಿಲ್ಲ. ಬಿರುದಾವಳಿಗೆ ಅವನೇ ವಿನಾಯಿತಿ ಕೊಟ್ಟಿದ್ದಾನೆ. ಫ್ಯೂಸ್ ಬಾಕ್ಸಿಗೂ ಕೊಡುತ್ತಿದ್ದ ಅಂತ ನನ್ನ ನಂಬಿಕೆ. ದಿನಾ ಬೆಳಗ್ಗೆ 'ಲಾಠಿ ಪ್ರಹಾರ' ಓದಿಕೊಂಡು ಕಾಫಿ ಕುಡಿಯುವವರು 'ಇಂಧನ ಪಂಪು' ಕಂಡರೆ ಯಾಕೆ ಬೆಚ್ಚಿಬೀಳಬೇಕು?

ಅಚ್ಚಗನ್ನಡ

ನೀವಿಬ್ಬರೂ ಒಂದೇ ದೋಣಿಯವರು. ಒಬ್ಬರು ಸಕ್ಕದದಿಂದ ತರುತ್ತೀರಿ, ಇನ್ನೊಬ್ಬರು ಇಂಗ್ಲಿಶಿನಿಂದ. ಕನ್ನಡ ಮಾತ್ರ ಯಾರಿಗೂ ಬೇಡ. 1894ರಲ್ಲಿ ಕಿಟೆಲ್ ನಿಘಂಟು ಬಂದಾಗ ಅದರಲ್ಲಿ ತುಂಬಿಕೊಂಡಿದ್ದ ಆಡುಮಾತುಗಳನ್ನು ಒಮ್ಮೆ ತೆಗೆದು ನೋಡಿ. ಬೆಸುಗೆ, ಮೊಳೆ, ತಿರುಪು, ಸುರುಳಿ. ಕಮ್ಮಾರನ ಮನೆಯಿಂದ, ಅಕ್ಕಸಾಲಿಗನ ಮನೆಯಿಂದ ಬಂದವು. ಕೆಲಸದವರೇ ಪದ ಕಟ್ಟುತ್ತಿದ್ದರು. ಆ ಅಭ್ಯಾಸ ಬಿಡಿಸಿದ್ದು ಯಾರು ಅನ್ನುವುದು ನನ್ನ ಕೇಳ್ವಿ.

ಶಬ್ದಶೋಧ, ಮೈಸೂರು

'ಅಭ್ಯಾಸ' ಸಂಸ್ಕೃತ. 'ನಿಘಂಟು' ಸಂಸ್ಕೃತ.

ಅಚ್ಚಗನ್ನಡ

ಉತ್ತರ ಕೊಡುವಂಥ ಮಾತಲ್ಲ.

ಟಪಾಲುಪೆಟ್ಟಿಗೆ, ಧಾರವಾಡ

ಪದ ಕಟ್ಟಿದರೆ ನಿಲ್ಲುತ್ತದೆ ಅನ್ನುವುದಕ್ಕೆ ಮೈಸೂರೇ ಸಾಕ್ಷಿ. 1935ರಲ್ಲಿ ಪ್ರೊ. ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲೇ ರೇಡಿಯೊ ಕೇಂದ್ರ ಶುರುಮಾಡಿದರು. ಆಕಾಶವಾಣಿ ಅನ್ನುವ ಹೆಸರು ಅಲ್ಲಿಂದ ಹೊರಟು ಇಡೀ ದೇಶಕ್ಕೆ ಹೋಯಿತು. ಟಪ್ಪೆಗೂ ಒಂದು ಅವಕಾಶ ಕೊಡಿ.

ಸುದ್ದಿಮನೆ, ಬೆಂಗಳೂರು

ಆಕಾಶವಾಣಿ ಕೇಂದ್ರದ ಹೆಸರಾಗಿ ನಿಂತಿತು. ಪೆಟ್ಟಿಗೆಗೆ ಮನೆಯಲ್ಲಿ ರೇಡಿಯೊ ಅಂತಲೇ ಅಂದೆವು. ಇಲ್ಲಿರುವ ಪ್ರಶ್ನೆ ಪೆಟ್ಟಿಗೆಯದು.

ವರ್ಕ್‌ಶಾಪ್ ಮೇಡಂ, ತುಮಕೂರು

ಎಲ್ಲರಿಗೂ ಧನ್ಯವಾದ. ನಾಳೆ ಬಿಟ್ಟರೆ ನಾಡಿದ್ದು ಅನ್ನುತ್ತಿದ್ದದ್ದು ಈಗ ನಾಳೆಗೇ ಬಂದು ನಿಂತಿದೆ.

ರಿಲೇ ಅನ್ನುವುದನ್ನು ಹಾಗೇ ಇಡುತ್ತೇನೆ. ಹುಡುಗ ನಾಳೆ ಅಂಗಡಿಗೆ ಹೋಗಿ ಕೇಳಬೇಕಾದ್ದು ಅದನ್ನೇ. ಪಂಪು ಅಂತೂ ಪಂಪೇ. 'ಪೆಟ್ರೋಲ್ ಪಂಪ್' ಅಂದರೆ ಬಂಕು ಅಂದುಕೊಳ್ಳುತ್ತಾರೆ ಅಂತ ಸಹೋದ್ಯೋಗಿಯೊಬ್ಬರು ಹೇಳಿದರು. ಅದು ನಿಜ. ಹಾಗಾಗಿ 'ಟ್ಯಾಂಕಿನ ಪಂಪು' ಅಂತ ಬರೆಸುತ್ತೇನೆ. ಈ ಪಂಪು ಇರುವುದೂ ಟ್ಯಾಂಕಿನ ಒಳಗೇ. ಕಾರ್ಬುರೇಟರ್ ಕಾಲದಲ್ಲಾದರೆ ಇಂಜಿನ್ನಿನ ಮಗ್ಗುಲಲ್ಲಿ ಇರುತ್ತಿತ್ತು. ಇಂಜಿನ್ ತಿರುಗಿದರೆ ಅದೂ ತಿರುಗುತ್ತಿತ್ತು, ರಿಲೇ ಗೊಡವೆ ಇರಲಿಲ್ಲ.

ಉಳಿದದ್ದಕ್ಕೆ ಯಾರೂ ಉತ್ತರ ಕೊಟ್ಟಿಲ್ಲ. 30-87 ಸೇರಿಸುವುದು, ಬಿಸಿಯಾದಾಗ ಕೈಕೊಡುವುದು, 'ದೋಷಯುಕ್ತ'. ನನಗೆ ತಲೆನೋವಾಗಿರುವುದು ಇವೇ.

ಕರಡು ತಿದ್ದುವವನು

ಮೇಡಂ ಸರಿಯಾಗಿ ಹಿಡಿದಿದ್ದಾರೆ. ನಾಮಪದಕ್ಕೆ ಎಲ್ಲರೂ ಕುಸ್ತಿ ಆಡಿದಿರಿ. ಬೋರ್ಡು ಕೆಡುವುದು ಕ್ರಿಯಾಪದದಲ್ಲಿ.

'ರಿಲೇ ಹೋಗಿದೆ' ಅಂತ ಬರೆದರೆ? ಗ್ಯಾರೇಜಿನಲ್ಲಿ ಎಲ್ಲರಿಗೂ ತಿಳಿಯುತ್ತದೆ. ಕರೆಂಟು ಹೋಯಿತು, ಬಲ್ಬು ಹೋಯಿತು, ಮಾನ ಹೋಯಿತು. ಆದರೆ ಇದು ಸಾಕೆಟ್ಟಿನಿಂದ ಭಾಗ ಕಿತ್ತು ಅದಲುಬದಲು ಮಾಡುವ ಪಾಠ. ಇಲ್ಲಿ 'ಹೋದ ರಿಲೇ' ಅಂದರೆ ಕಾಣೆಯಾದ ರಿಲೇ ಅಂತಲೂ ಓದಬಹುದು. 'ಕೆಟ್ಟ ರಿಲೇ' ಅಂದರೆ ಅದರ ನಡತೆ ಸರಿ ಇಲ್ಲ ಅನ್ನುವ ಹಾಗೆ. 'ಕೆಟ್ಟಿದೆ' ಅಂತ ಕ್ರಿಯಾಪದ ಮಾಡಿ. ರಿಲೇ ಕೆಟ್ಟಿದೆ. ಐದು ಅಕ್ಷರ, ಗೊಂದಲವಿಲ್ಲ. 'ದೋಷಯುಕ್ತ'ವನ್ನು ಹಾಳೆಯಲ್ಲೇ ಬಿಡಿ.

'ಮಧ್ಯಂತರ ವೈಫಲ್ಯ' ಅನ್ನುವುದು ಶುದ್ಧ ತಪ್ಪು. ಮಧ್ಯಂತರ ಅಂದರೆ ನಡುವಿನ ಅವಧಿಯದು. ಮಧ್ಯಂತರ ಜಾಮೀನು, ಮಧ್ಯಂತರ ಚುನಾವಣೆ ಅನ್ನುತ್ತೇವಲ್ಲ. ಗಾಡಿ ಒಮ್ಮೆ ಸ್ಟಾರ್ಟ್ ಆಗಿ ಒಮ್ಮೆ ಆಗದಿರುವುದಕ್ಕೆ 'ಆಗಾಗ ಕೈಕೊಡುತ್ತೆ' ಅನ್ನಿ. ಕೈಕೊಡು ಅನ್ನುವುದು ಇದಕ್ಕೆಂದೇ ಹುಟ್ಟಿದ ಮಾತು.

ಇನ್ನು 30-87. ಇದನ್ನು ಗ್ಯಾರೇಜಿನಲ್ಲಿ ಏನನ್ನುತ್ತಾರೆ? ಹುಬ್ಬಳ್ಳಿಯವರೇ ಹೇಳಬೇಕು.

ವೈರಿಂಗ್ ಕೆಲಸ, ಹುಬ್ಬಳ್ಳಿ

ಡೈರೆಕ್ಟ್ ಕೊಡೂದು ಅಂತೀವ್ರಿ. "ಪಂಪ್ ಡೈರೆಕ್ಟ್ ಕೊಟ್ಟು ನೋಡಪಾ" ಅಂದ್ರ ಸಾಕು, ಹುಡುಗ ವೈರು ತಗೊಂಡು ಬರತಾನ.

ಕೈಕೊಡುವ ರಿಲೇ ಬಗ್ಗೆ ಒಂದು ಮಾತು. ಮಧ್ಯಾಹ್ನ ಬಿಸಿಲಲ್ಲಿ ಗಾಡಿ ನಿಂತಿರುತ್ತದೆ. ಡ್ಯಾಶ್‌ಬೋರ್ಡಿನ ಕೆಳಗೆ ಕೈ ಇಡಲು ಆಗುವುದಿಲ್ಲ, ಅಷ್ಟು ಕಾವು. ಆಗ ಸ್ಟಾರ್ಟ್ ಆಗಲ್ಲ. ಅರ್ಧ ಗಂಟೆ ಕಿಟಕಿ ತೆಗೆದಿಟ್ಟರೆ ಆಗುತ್ತದೆ. ಸರ್ಕ್ಯೂಟ್ ಬೋರ್ಡು ಇರುವಂಥ ಹಳೇ ರಿಲೇ ಆದರೆ ಮುಚ್ಚಳ ಬಿಚ್ಚಿ ತಳ ನೋಡಬೇಕು. ಪಿನ್ನಿನ ಸುತ್ತ ಬೆಸುಗೆಯಲ್ಲಿ ಕೂದಲೆಳೆಯಷ್ಟು ಸೀಳು ಇರುತ್ತದೆ, ಉಂಗುರದ ಹಾಗೆ. ಬೆಳಕಿಗೆ ಹಿಡಿದು ತಿರುಗಿಸಿದರೆ ಕಾಣುತ್ತದೆ. ಕಾವಿಗೆ ಲೋಹ ಹಿಗ್ಗಿದಾಗ ಬಿಟ್ಟುಕೊಳ್ಳುತ್ತದೆ, ಆರಿದಾಗ ಕೂಡುತ್ತದೆ. ಅದನ್ನು ಮತ್ತೆ ಬೆಸೆದು ಎಷ್ಟೋ ಗಾಡಿ ಓಡಿಸಿದ್ದೇವೆ. ಆದರೆ ಹುಡುಗರಿಗೆ ಹೊಸದು ಹಾಕಲು ಕಲಿಸಿ. ಬೆಸುಗೆ ಆಮೇಲೆ.

ಹೊಸದು ತರುವಾಗ ಹಳೆಯದನ್ನು ಕೈಯಲ್ಲಿ ಹಿಡಿದುಕೊಂಡೇ ಅಂಗಡಿಗೆ ಹೋಗಬೇಕು. ನೋಡಲು ಎಲ್ಲಾ ಒಂದೇ ಕರಿ ಡಬ್ಬಿ. ಐದು ಪಿನ್ನಿನದರಲ್ಲಿ ನಡುವಿನ ಪಿನ್ನು ಕೆಲವದರಲ್ಲಿ 87, ಕೆಲವದರಲ್ಲಿ 87ಎ. 87ಎ ಅಂದರೆ ರಿಲೇ ಎಳೆಯದೆ ಇರುವಾಗಲೇ 30ರ ಜೊತೆ ಕೂಡಿರುತ್ತದೆ. ಒಂದರ ಜಾಗಕ್ಕೆ ಇನ್ನೊಂದು ಹಾಕಿದರೆ ಕೀ ತೆಗೆದ ಮೇಲೂ ಕರೆಂಟು ಹೋಗುತ್ತಲೇ ಇರುವ ಸಂಭವ ಇದೆ. ಕೆಲವದರಲ್ಲಿ ಕಾಯಿಲ್ಲಿಗೆ ಅಡ್ಡ ಡಯೋಡು ಇರುತ್ತದೆ. ಅವುಗಳಲ್ಲಿ 85, 86 ಉಲ್ಟಾ ಆದರೆ ಕೆಲಸ ಕೆಡುತ್ತದೆ. ಆಂಪಿಯರೂ ಹೊಂದಬೇಕು.

ಕರಡು ತಿದ್ದುವವನು

'ರಿಲೇ ಎಳೆಯದೆ ಇರುವಾಗ'. ಈ ಎಳೆ ಅನ್ನುವ ಕ್ರಿಯಾಪದ ಎಷ್ಟು ಚೆನ್ನಾಗಿದೆ ನೋಡಿ, ಅಚ್ಚಗನ್ನಡದವರೇ. ಯಾರೂ ಕೂತು ಕಟ್ಟಿದ್ದಲ್ಲ. ಪದ ಕಟ್ಟುವ ಕೆಲಸ ಕೆಲಸದವರು ಬಿಟ್ಟಿಲ್ಲ. ಹೆಸರು ಸಾಲ ತಂದುಕೊಂಡು ಕ್ರಿಯೆಯನ್ನು ಕನ್ನಡದಲ್ಲಿ ಹೇಳುತ್ತಾರೆ. ಸೆಲ್ಫ್ ಹೊಡೆಯುತ್ತೆ, ರಿಲೇ ಎಳೆಯುತ್ತೆ, ಪಾಯಿಂಟು ಹಿಡಿಯುತ್ತೆ, ಫ್ಯೂಸು ಹಾರುತ್ತೆ.

ಈಗ ಎಚ್ಚರಿಕೆಯ ಸಾಲು. 'ಡೈರೆಕ್ಟ್ ಕೊಟ್ಟು ಓಡಿಸಬೇಡಿ' ಅಂತ ಬರೆಸುವ ಯೋಚನೆ ಇದ್ದರೆ ನಿಲ್ಲಿಸಿ. 'ಬೇಡಿ' ಎಲ್ಲಿಯವರೆಗೆ ಮುಟ್ಟುತ್ತದೆ? ಓಡಿಸುವುದು ಮಾತ್ರ ಬೇಡವೋ, ಡೈರೆಕ್ಟ್ ಕೊಡುವುದೂ ಬೇಡವೋ? 'ಕೂತು ಉಣ್ಣಬೇಡ' ಅಂದರೆ ಉಣ್ಣು, ಆದರೆ ನಿಂತುಕೊಂಡು ಅಂತಲೂ ಆಗುತ್ತದೆ. ಉಣ್ಣಲೇಬೇಡ ಅಂತಲೂ ಆಗುತ್ತದೆ. ಎರಡು ವಾಕ್ಯ ಮಾಡಿ. 'ಡೈರೆಕ್ಟ್ ಕೊಡುವುದು ಪರೀಕ್ಷೆಗೆ ಮಾತ್ರ. ಹಾಗೇ ಗಾಡಿ ಓಡಿಸಬೇಡಿ.' ಅಕ್ಷರ ಜಾಸ್ತಿ ಆಗುತ್ತೆ, ಆಗಲಿ. ಇಲ್ಲಿ ಉಳಿತಾಯ ಬೇಡ.

ಸ್ಟುಟ್‌ಗಾರ್ಟ್ ಕನ್ನಡಿಗ

ಇದಕ್ಕೆ ನನ್ನದೂ ಒತ್ತು. ಇಂಜಿನ್ ನಿಂತ ಕೂಡಲೇ ಇಸಿಯು ರಿಲೇಯನ್ನು ಬಿಡಿಸಿ ಪಂಪು ನಿಲ್ಲಿಸುತ್ತದೆ. ಅಪಘಾತವಾಗಿ ಪೈಪು ಹರಿದಿದ್ದರೆ ಪೆಟ್ರೋಲು ಚಿಮ್ಮಬಾರದು ಅಂತ. 30-87 ನಡುವೆ ವೈರು ಹಾಕಿಟ್ಟರೆ ಆ ಕಾವಲು ಹೋಗುತ್ತದೆ. ಇಂಜಿನ್ ನಿಂತರೂ ಪಂಪು ಒತ್ತುತ್ತಲೇ ಇರುತ್ತದೆ.

ಶಬ್ದಶೋಧ, ಮೈಸೂರು

'ಡೈರೆಕ್ಟ್' ಅನ್ನುವುದಕ್ಕೆ 'ನೇರ' ಅಂತ ಪದವಿದೆ. ಅದೂ ಬೇಡವೇ?

ವೈರಿಂಗ್ ಕೆಲಸ, ಹುಬ್ಬಳ್ಳಿ

ನೇರ ಕೊಡು ಅಂದ್ರ ನೇರವಾಗಿ ಯಾರ ಕೈಯಾಗ ಕೊಡ್ಲಿ ಅಂತಾನ್ರಿ.

ಅಚ್ಚಗನ್ನಡ

'ನೇರವಾಗಿ ಹರಿಸು' ಅನ್ನಬಹುದಿತ್ತು. ಯಾರಿಗೂ ಬೇಡ. ಇರಲಿ. 'ಎಳೆ', 'ಹಿಡಿ', 'ಹಾರು' ಉಳಿದದ್ದಕ್ಕೆ ಸಂತೋಷ. ಮಿಂಗೊಂಡಿಯನ್ನು ನಾನು ಬಿಟ್ಟಿಲ್ಲ.

ವರ್ಕ್‌ಶಾಪ್ ಮೇಡಂ, ತುಮಕೂರು

ಪೇಂಟರಿಗೆ ಕೊಡುತ್ತಿರುವ ಒಕ್ಕಣೆ ಇದು. ಕಾಗುಣಿತ ಏನಾದರೂ ಇದ್ದರೆ ರಾತ್ರಿಯೊಳಗೆ ಹೇಳಿ.

"ಸೆಲ್ಫ್ ಹೊಡೆಯುತ್ತೆ, ಗಾಡಿ ಸ್ಟಾರ್ಟ್ ಆಗಲ್ಲ.
ಕೀ ಆನ್ ಮಾಡಿ. ಟ್ಯಾಂಕಿನ ಪಂಪು ಎರಡು ಸೆಕೆಂಡು ಸದ್ದು ಮಾಡಬೇಕು.
ಸದ್ದಿಲ್ಲವೇ? ಮೊದಲು ಫ್ಯೂಸು ನೋಡಿ.
ಫ್ಯೂಸು ಸರಿ ಇದ್ದರೆ ಅದೇ ನಂಬರಿನ ಹಾರ್ನ್ ರಿಲೇ ಜೊತೆ ಅದಲುಬದಲು ಮಾಡಿ.
ಗಾಡಿ ಸ್ಟಾರ್ಟ್ ಆಗಿ ಹಾರ್ನ್ ಕೂಗದಿದ್ದರೆ ರಿಲೇ ಕೆಟ್ಟಿದೆ.
ಎರಡೂ ಸರಿಯಾದರೆ ಸಾಕೆಟ್ಟಿನ ಪಿನ್ನು ಸಡಿಲ.
ಗಾಡಿ ಸ್ಟಾರ್ಟ್ ಆಗದಿದ್ದರೆ 30-87 ಡೈರೆಕ್ಟ್ ಕೊಡಿ, ಫ್ಯೂಸ್ ಇರುವ ವೈರಿನಿಂದ.
ಪಂಪು ತಿರುಗಿದರೆ 85-86ಕ್ಕೆ ಮೀಟರು ಹಿಡಿಯಿರಿ. ತಿರುಗದಿದ್ದರೆ ಪಂಪು, ವೈರು, ಅರ್ತ್ ನೋಡಿ.
ಡೈರೆಕ್ಟ್ ಕೊಡುವುದು ಪರೀಕ್ಷೆಗೆ ಮಾತ್ರ. ಹಾಗೇ ಗಾಡಿ ಓಡಿಸಬೇಡಿ."

ಕರಡು ತಿದ್ದುವವನು

'ಆಗಲ್ಲ', 'ಹೊಡೆಯುತ್ತೆ' ಮೇಲಿನ ಸಾಲಿನಲ್ಲಿ ಇರಲಿ, ಅದು ಗಿರಾಕಿ ಆಡುವ ಮಾತು. ಉಳಿದದ್ದು ಸರಿ ಇದೆ. 'ಸದ್ದಿಲ್ಲವೇ?' ಅನ್ನುವಲ್ಲಿ ಪ್ರಶ್ನೆ ಚಿಹ್ನೆ ಬಿಡಬೇಡಿ ಅಂತ ಪೇಂಟರಿಗೆ ಹೇಳಿ. ಅವರು ಬಿಡುತ್ತಾರೆ.

ವೈರಿಂಗ್ ಕೆಲಸ, ಹುಬ್ಬಳ್ಳಿ

ಒಂದು ಬಿಟ್ಟೀರಿ ಮೇಡಂ. ರಿಲೇ ಕೀಳುವ ಮೊದಲು ಕೀ ಆಫ್ ಮಾಡಬೇಕು. ಪೆಟ್ರೋಲ್ ವಾಸನೆ ಇದ್ದರೆ ಡೈರೆಕ್ಟ್ ಕೊಡಲೇಬಾರದು. ಕಿಡಿ ಹಾರುತ್ತದೆ.

ವರ್ಕ್‌ಶಾಪ್ ಮೇಡಂ, ತುಮಕೂರು

ಎರಡೂ ಸೇರಿಸಿದೆ. ವಾಸನೆಯ ಸಾಲನ್ನು ಕೆಂಪು ಬಣ್ಣದಲ್ಲಿ ಬರೆಸುತ್ತೇನೆ.

ಟಪಾಲುಪೆಟ್ಟಿಗೆ, ಧಾರವಾಡ

ಫ್ಯೂಸಿಗೆ ಕನ್ನಡ ಏನು ಅಂತ ಯಾರೂ ಕೇಳಲೇ ಇಲ್ಲ. ಅದರ ಮೂಲ ಲ್ಯಾಟಿನ್ನಿನಲ್ಲಿದೆ. ಕರಗಿಸು ಅಂತ ಅರ್ಥ.

ಕರಡು ತಿದ್ದುವವನು

ಬೇರೆ ಎಳೆ ಶುರುಮಾಡಿ.